ಹನ್ನೊಂದು ನಿಮಿಷ

ಶಾಲೆಯ ಗೇಟಿನೆದುರು ಬಸ್ಸು ನಿಲ್ಲಿಸಿದಾಗ
ಎರಡು ಇಪ್ಪತ್ತೊಂಬತ್ತು.
ಮಕ್ಕಳನ್ನು ಬಿಡುವುದು ಎರಡು ನಲವತ್ತಕ್ಕೆ.
ನಡುವಿನ ಈ ಹನ್ನೊಂದು ನಿಮಿಷ
ಯಾರ ಲೆಕ್ಕಕ್ಕೂ ಸೇರಿದ್ದಲ್ಲ:
ಕಂಪನಿ ಸಂಬಳ ಕೊಡುವುದಿಲ್ಲ,
ದೇವರು ಕೇಳುವುದಿಲ್ಲ.
ಮೊದಲೆಲ್ಲ ಫೋನಿಗೂ ಸಿಗರೇಟಿಗೂ
ಹಂಚಿ ಕೈ ತೊಳೆದುಕೊಳ್ಳುತ್ತಿದ್ದೆ.

ಈಗ ಸೀಟಿನಡಿಯಿಂದ ಎಳೆಯುತ್ತೇನೆ
ಆರು ಮೂಲೆಯ ಪೆಟ್ಟಿಗೆ,
ಅದರೊಳಗೆ ಆರು ಮೂಲೆಯ ಕನ್ಸರ್ಟೀನಾ.
ಎನ್ನಿಸ್ ಪೇಟೆಯ ಹರಾಜಿನಲ್ಲಿ ಹಿಡಿದದ್ದು,
ಐವತ್ತಾರು ತುಂಬಿದ ದಿನ
ನನಗೆ ನಾನೇ ಕೊಟ್ಟುಕೊಂಡದ್ದು.
ಗಂಡ ಬೆಲೆ ಕೇಳಿದ. ಅರ್ಧ ಹೇಳಿದೆ.

ಒಂದೇ ಗುಂಡಿ: ಒತ್ತಿದರೆ ಒಂದು ಸ್ವರ,
ಹಿಗ್ಗಿಸಿದರೆ ಇನ್ನೊಂದು.
ಗಾಳಿ ಒಳಗೋ ಹೊರಗೋ ಎಂಬುದನ್ನು
ನೆನಪಿಡುವುದೇ ಅರ್ಧ ವಿದ್ಯೆ.
ಉಳಿದರ್ಧ ಈ ಕಿರುಬೆರಳಿನದು,
ಮೂವತ್ತು ವರ್ಷ ಸ್ಟಿಯರಿಂಗಿನ ಮೇಲೆ
ಕೂತು ಉಂಡ ಸೋಮಾರಿ;
ಕೆಲಸ ಹೇಳಿದರೆ ಈಗ ನಡುಗುತ್ತದೆ.

ಕಲಿಸುವ ಫಿಡೆಲ್ಮಾ ನನಗಿಂತ
ಇಪ್ಪತ್ತು ವರ್ಷ ಚಿಕ್ಕವಳು. ಮೊದಲ ವಾರವೇ ಅಂದಳು:
"ಬಸ್ಸಿನಲ್ಲಿ ಇಡೀ ಹಾಡು ನುಡಿಸಬೇಡ.
ಬಂದದ್ದನ್ನೇ ನುಡಿಸಿ ಹಿಗ್ಗಲು ಮದುವೆಯಿದೆ, ಪಬ್ಬಿದೆ.
ಎಡವಿದ ಜಾಗಕ್ಕೆ ಮಾತ್ರ ಹೋಗು.
ಎರಡು ಹೆಜ್ಜೆ ಹಿಂದೆ ನಿಂತು
ಮೆಲ್ಲಗೆ ದಾಟು."
ಕ್ಲೇರ್ ಕೌಂಟಿಯ ಗುಂಡಿ ರಸ್ತೆಗಳಲ್ಲಿ
ಹಲ್ಲು ಕಚ್ಚಿ ಓಡಿಸಿದವಳಿಗೆ
ಇದನ್ನು ಬಿಡಿಸಿ ಹೇಳಬೇಕೆ?

ಹಾಗಾಗಿ ಈ ವಾರ ಒಂದೇ ತಿರುವು.
ಜಿಗ್ಗಿನ ಎರಡನೆಯ ಭಾಗ, ಮೂರನೆಯ ಆವರ್ತ,
ಎಳೆತದಿಂದ ಒತ್ತಿಗೆ ಗಾಳಿ ಮಗುಚುವಲ್ಲಿ
ಐದೇ ಸ್ವರ.
ಹೊರಗೆ ಅಟ್ಲಾಂಟಿಕ್ಕಿನ ಮಳೆ, ಅಡ್ಡಡ್ಡ.
ವೈಪರನ್ನೇ ತಾಳಕ್ಕೆ ಹಾಕಿಟ್ಟೆ:
ಎಡಕ್ಕೆ ತಕಿಟ, ಬಲಕ್ಕೆ ತಕಿಟ.
ಸೋಮವಾರ ಎಡವಿದೆ.
ಮಂಗಳವಾರವೂ ಎಡವಿದೆ, ಆದರೆ
ಎಲ್ಲಿ ಎಂದು ಗೊತ್ತಾಯಿತು.
ಬುಧವಾರ ಹೆಡ್‌ಮಾಸ್ಟರು ಮಾತಿಗೆ ನಿಂತು
ಹತ್ತು ನಿಮಿಷ ತಿಂದರು;
ಉಳಿದ ಒಂದರಲ್ಲಿ ಪೆಟ್ಟಿಗೆ ತೆರೆಯದೆ
ಮೊಣಕಾಲ ಮೇಲೆ ಬೆರಳಾಡಿಸಿದೆ.
ಅದೂ ಜಮೆಯಾಗಿತ್ತೆಂದು ತಿಳಿದದ್ದು ಗುರುವಾರ:
ರಾತ್ರಿಯೆಲ್ಲ ಯಾರೋ ಒಳಗೆ ಕೂತು
ಗಂಟು ಬಿಚ್ಚಿಟ್ಟು ಹೋಗಿದ್ದರು.

ಜೂನ್ ಕೊನೆಗೆ ಶಾಲೆ ಮುಚ್ಚಿತು.
ದಿನವಿಡೀ ನನ್ನದು, ರಾತ್ರಿ ಹತ್ತರವರೆಗೂ ಬೆಳಕು.
ಈಗ ನೋಡಿ ಎಂದುಕೊಂಡೆ.
ಎರಡು ವಾರ ಪೆಟ್ಟಿಗೆ ಮುಟ್ಟಲಿಲ್ಲ.
ಹೊತ್ತು ರಾಶಿ ಬಿದ್ದಿತ್ತು,
ಹಿಡಿದೆತ್ತಲು ಹಿಡಿಯೇ ಇರಲಿಲ್ಲ.

ಮೂರನೆಯ ಸೋಮವಾರ
ಹಿತ್ತಲಲ್ಲಿ ನಿಂತ ಖಾಲಿ ಬಸ್ಸು ಹತ್ತಿ
ಡ್ರೈವರ್ ಸೀಟಿನಲ್ಲಿ ಕೂತೆ,
ಎರಡು ಇಪ್ಪತ್ತೊಂಬತ್ತಕ್ಕೆ ಸರಿಯಾಗಿ.
ಅಡುಗೆಮನೆ ಕಿಟಕಿಯಿಂದ ಗಂಡ ನೋಡಿದ,
ಏನೂ ಕೇಳಲಿಲ್ಲ.
ಪೂರ್ತಿ ಬೆಲೆ ಅಂದೇ ಗೊತ್ತಾಗಿರಬೇಕು.

ಸೆಪ್ಟೆಂಬರಿನಲ್ಲೊಂದು ದಿನ
ಶಾಲೆಯ ಗಂಟೆ ನನಗೆ ಕೇಳಿಸಲೇ ಇಲ್ಲ.
ತಲೆಯೆತ್ತಿದರೆ ಬಾಗಿಲ ಗಾಜಿಗೆ
ಮೂಗೊತ್ತಿ ನಿಂತಿದ್ದ ಓರಾನ್,
ಅವನ ಹಿಂದೆ ಒದ್ದೆ ಚೀಲಗಳ ಸಾಲು.
ತೆರೆದೆ.
"ಆಮೇಲೇನಾಗುತ್ತೆ?" ಎಂದ
ಮೆಟ್ಟಿಲ ಮೇಲೇ ನಿಂತು,
ಕಥೆ ಕೇಳುವವನ ಹಾಗೆ.

"ಗೊತ್ತಿಲ್ಲ ಮರಿ,
ಅಲ್ಲಿಗೆ ನಾನಿನ್ನೂ ಹೋಗಿಲ್ಲ.
ಬೆಲ್ಟು ಹಾಕ್ಕೋ."